ಐತಾಳರ ಸದ್ದಿಲ್ಲದ ಶೂ

ದಾಮೋದರ ಐತಾಳರು ಬರುವ ಮೊದಲು ಅವರ ಚಪ್ಪಲಿ ಬರುತ್ತಿತ್ತು. ಸೂರತ್‌ನ ವರಾಛಾದಲ್ಲಿ, ವಜ್ರ ಉಜ್ಜುವ ಕಾರ್ಖಾನೆಗಳ ನಡುವೆ ಅವರು ನಡೆಸುವ ಉಡುಪಿ ಹೋಟೆಲಿನಲ್ಲಿ, ಎಡಗಾಲನ್ನು ಗಂಭೀರವಾಗಿ ಊರಿ, ಬಲಗಾಲನ್ನು ತುಸು ಎಳೆದು ಸಾಗುವ ಆ ಚಟಪಟ ನಾದ ಕಿವಿಗೆ ಬಿದ್ದೊಡನೆ ಅಡುಗೆಮನೆಯ ಹರಟೆ ನಿಂತು, ಕಾವಲಿಯ ಮೇಲಿನ ದೋಸೆಗಳು ಸಹ ಶಿಸ್ತಿನಿಂದ ವೃತ್ತಾಕಾರ ತಾಳುತ್ತಿದ್ದವು.

ಹಿಮ್ಮಡಿ ನೋವಿಗೆ ವೈದ್ಯರು ಶೂ ವಿಧಿಸಿದಾಗ, ಸೂರತ್‌ನಲ್ಲೇ ಹುಟ್ಟಿ ಬೆಳೆದ ಮಗಳು ವರ್ಷಿಣಿ ಅವರನ್ನು ಅಂಗಡಿಗೆ ಕರೆದೊಯ್ದಳು.

"ಅಪ್ಪಾ, ಇದು ತಗೊಳ್ಳಿ. ಓಲ್ಡ್ ಸ್ಟೈಲ್ ಬಾಸ್ಕೆಟ್‌ಬಾಲ್ ಶೂ. ರೆಟ್ರೊ."

"ನನಗೆಂತ ಚೆಂಡು ಆಡ್ಲಿಕ್ಕುಂಟಾ ಮಾರಾಯ್ತಿ?"

"ಯಾರೂ ಆಡಲ್ಲ ಅಪ್ಪಾ. ಸುಮ್ನೆ ಹಾಕೋದು, ಡೈಲಿ."

"ಬೆಸ್ಟ್ ಛೇ, ಕಾಕಾ," ಎಂದ ಅಂಗಡಿಯವನು, ಗುಜರಾತಿಯಲ್ಲಿ 'ಬೆಸ್ಟ್ ಇದೆ' ಎಂಬರ್ಥದಲ್ಲಿ.

"ಬೆಸ್ಟ್ ಅಂತಾನೆ, ಮತ್ತೆ ಛೇ ಅಂತಾನೆ," ಎಂದು ಐತಾಳರು ಗುಜರಾತಿಗೆ ಬಂದಂದಿನಿಂದ ಹೇಳುತ್ತಿರುವ ಹಾಸ್ಯವನ್ನೇ ಹೇಳಿ, ತಾವೊಬ್ಬರೇ ನಕ್ಕರು. ಬಳಿಕ ಇಡ್ಲಿಯ ಹದ ನೋಡುವಂತೆ ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿದರು. ಕಣಕಾಲು ಮುಚ್ಚುವ ಎತ್ತರದ ಶೂಗಳು ಪಂಚೆಯ ಅಂಚನ್ನು ನುಂಗುತ್ತವೆಂದು ತಿರಸ್ಕರಿಸಿದರು. ಅಚ್ಚ ಬಿಳಿಯದನ್ನೂ ಬಿಟ್ಟು, ಸಾಂಬಾರು ಚೆಲ್ಲಿದರೂ ವಿನ್ಯಾಸದಂತೆ ಕಾಣಬಲ್ಲ, ಕಂದು ಪಟ್ಟಿಯ ಗಿಡ್ಡ ಜೋಡಿಯೊಂದನ್ನು ವರಿಸಿದರು.

ಮರುದಿನ ಆ ಮೆತ್ತನೆಯ ರಬ್ಬರಿನ ಮೇಲೆ ಅವರು ಬೆಕ್ಕಿನಂತೆ ಅಡುಗೆಮನೆ ಹೊಕ್ಕರು. ಊರಿನಿಂದ ಅವರ ಜೊತೆಗೇ ಬಂದಿದ್ದ ಮುಖ್ಯ ಅಡುಗೆಯವ ಕೇಶವ, ಬಾಗಿಲಿಗೆ ಬೆನ್ನು ಹಾಕಿ, ಟವೆಲನ್ನು ಪಂಚೆಯಂತೆ ಎತ್ತಿಹಿಡಿದು, ಎಡಗಾಲೆಳೆಯುತ್ತ ನಡೆಯುತ್ತಿದ್ದ. "ಇದೆಂತದ್ದು, ಚಟ್ನಿಗೆ ಕಾಯಿ ಹಾಕಿದ್ದಾ, ಕಾಯಿಗೆ ಚಟ್ನಿ ಹಾಕಿದ್ದಾ?" ಧ್ವನಿ ಸಾಕ್ಷಾತ್ ಐತಾಳರದೇ. ನಗುತ್ತಿದ್ದವರು ಬಾಗಿಲ ಕಡೆ ನೋಡಿ ಒಬ್ಬೊಬ್ಬರಾಗಿ ಕೆಲಸಕ್ಕೆ ಬಗ್ಗಿದರು.

ಐತಾಳರು ತಮ್ಮ ಹೊಸ ಶೂಗಳತ್ತ ನೋಡಿಕೊಂಡರು. ಇಷ್ಟು ವರ್ಷ ಸಂದ ಗೌರವವೆಲ್ಲ ಚಪ್ಪಲಿಗೇ ಸಂದದ್ದೇ?

"ಎಡಗಾಲಲ್ಲ ಕೇಶವ," ಎಂದರು ಕೊನೆಗೆ. "ನಾನು ಎಳೆಯುವುದು ಬಲಗಾಲು."

ಕೇಶವ ತಿರುಗದೆಯೇ ಕೇಳಿದ: "ನಾನಿನ್ನು ಊರಿಗೆ ಹೋಗ್ಬೇಕಾ?"

"ಮತ್ತೆ ಚಟ್ನಿ ಅರೆಯುವುದು ಯಾರು? ನಾನಾ?"

ಅಂದಿನಿಂದ ಐತಾಳರು ಅಡುಗೆಮನೆ ಹೊಗುವ ಮುನ್ನ ಸುದೀರ್ಘವಾಗಿ ಕೆಮ್ಮುತ್ತಾರೆ. ಎದೆಯ ಎಕ್ಸ್‌ರೇ ತೆಗೆಸಬೇಕೆಂದು ವರ್ಷಿಣಿಯ ಹಟ, ಅವರು ಒಪ್ಪುತ್ತಿಲ್ಲ. ತಪ್ಪು ಹಿಡಿಯುವ ಚಾತುರ್ಯವನ್ನೇ ದಕ್ಷತೆಯೆಂದು ಬಗೆಯುವ ಯಜಮಾನರು ಲೋಕದಲ್ಲಿ ವಿಪುಲ. ತಮ್ಮ ಬೆನ್ನ ಹಿಂದಿನ ನಗುವಿಗೂ ಒಂದಿಷ್ಟು ಪುರುಸೊತ್ತು ಬೇಕೆಂದು ಬಲ್ಲವರು ವಿರಳ. ಅಂಥವರ ಕೈಕೆಳಗೆ ಜನ ಆಡಿಕೊಳ್ಳುತ್ತಲೇ ಮುದುಕರಾಗುತ್ತಾರೆ, ಬಿಟ್ಟು ಹೋಗುವುದಿಲ್ಲ.