ಅಣ್ಣನ ಪುಟ ತೆರೆಯುತ್ತಿಲ್ಲ

ಮಗಳು ಒಳಗೆ ಬಂದಾಗ ಅಪ್ಪ ಕಂಪ್ಯೂಟರಿನ ಮುಂದೆ ಕೈಕಟ್ಟಿ ಕುಳಿತಿದ್ದರು, ಮುನಿಸಿಕೊಂಡ ನೆಂಟರ ಎದುರು ಕುಳಿತ ಹಾಗೆ.

"ಬಂದ್ಯಾ ಪುಟ್ಟಿ? ಇದರೊಳಗೆ ಯಾವನೋ ಸೇರ್ಕೊಂಡಿದ್ದಾನೆ ನೋಡು. ಬೇರೆ ಪುಟ ಎಲ್ಲಾ ತೆರೆಯತ್ತೆ. ಅಣ್ಣನದು ಒಂದು ಮಾತ್ರ ತೆರೆಯಲ್ಲ."

"ಆ ಕಳ್ಳನಿಗೆ ಬೇರೆ ಏನೂ ಸಿಗಲಿಲ್ವಂತಾ?" ಅಡುಗೆಮನೆಯಿಂದ ಅಮ್ಮನ ದನಿ ಬಂತು. "ಗಡಿಯಾರ ರಿಪೇರಿಯವರ ಪುಟಾನೇ ಬೇಕಾಗಿತ್ತಾ?"

"ಇವಳಿಗೆ ಎಲ್ಲಾ ತಮಾಷೆ," ಎಂದು ಅಪ್ಪ ಗೊಣಗಿದರು.

ಅಪ್ಪ ದುಡಿದದ್ದೆಲ್ಲ ಒಂದು ದೊಡ್ಡ ಕಚೇರಿಯ ಕಂಪ್ಯೂಟರ್ ಕೋಣೆಯಲ್ಲಿ. ಸದಾ ಮೇಜಿನ ಕೆಳಗೆ ಮಲಗಿ ಯಾವ ವೈರು ಎಲ್ಲಿಗೆ ಹೋಗುತ್ತದೆಂದು ಹುಡುಕುತ್ತಿದ್ದವರಿಗೆ ಅಲ್ಲಿ ‘ತಂತಿ ಮಾಮ’ ಎಂದೇ ಹೆಸರಿತ್ತು. ಅವರಿಂದಲೇ ಕಲಿತ ಮಗಳು ಈಗ ಒಂದು ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾಳೆ. ಆದರೆ ಹೋದ ವರ್ಷದಿಂದ ಅಪ್ಪನಿಗೆ ಮರೆವು. ನೆನಪು ಕೊಟ್ಟ ದೇವರು ಏನನ್ನು ಮೊದಲು ವಾಪಸು ಕೇಳುತ್ತಾನೆ ಎಂಬುದು ನಮಗೆ ತಿಳಿಯುವ ವಿಷಯವಲ್ಲ. ಅಪ್ಪನ ಮಟ್ಟಿಗೆ ಅವನು ಮೇಲಿನಿಂದ ಕೆಳಕ್ಕೆ ಬಂದ. ಬೆಳಿಗ್ಗೆ ಉಂಡದ್ದು ಹೋಯಿತು, ಈಚಿನ ಹತ್ತಾರು ವರ್ಷಗಳು ಹೋದವು. ತಳದಲ್ಲಿದ್ದ ಅಣ್ಣ ಮಾತ್ರ ಹಾಗೇ ಉಳಿದಿದ್ದ.

ಆ ಅಣ್ಣ, ಅಂದರೆ ಮಗಳಿಗೆ ದೊಡ್ಡಪ್ಪ, ದೂರದ ಊರಿನಲ್ಲಿ ಗಡಿಯಾರ ರಿಪೇರಿ ಮಾಡುವವರು. ಕಿವಿ ಪೂರ್ತಿ ಹೋಗಿದ್ದರಿಂದ ಫೋನು ಅವರಿಗೆ ದಂಡ. ಅದಕ್ಕೇ ಅಪ್ಪ ಹಿಂದೊಮ್ಮೆ ಅವರಿಗಾಗಿ ಕೂತು ಒಂದು ಪುಟ ಕಟ್ಟಿಕೊಟ್ಟಿದ್ದರು. ದಿನವೂ ಬಿಚ್ಚಿದ ಗಡಿಯಾರದ ಕಥೆಯನ್ನು ದೊಡ್ಡಪ್ಪ ಅದರಲ್ಲಿ ಬರೆಯುತ್ತಿದ್ದರು, ಓದಿದವರು ಕೆಳಗೆ ಎರಡು ಮಾತು ಬರೆಯುತ್ತಿದ್ದರು. ಅಜ್ಜಿ ತೀರಿಕೊಂಡ ಮೇಲೆ ಎರಡು ಮನೆಗಳ ನಡುವೆ ಹೋಗಿಬರುವುದು ನಿಂತಿತು. ಮಗಳು ಆಗ ಹಾಸ್ಟೆಲಿನಲ್ಲಿದ್ದಳು. ಯಾಕೆಂದು ಕೇಳಿದಾಗಲೆಲ್ಲ ಅಮ್ಮ, "ದೊಡ್ಡವರ ವಿಷಯ ನಿನಗ್ಯಾಕೆ" ಎಂದು ಬಾಯಿ ಮುಚ್ಚಿಸಿದ್ದಳು.

ಮಗಳು ವೈರಸ್ ಹುಡುಕುವ ತಂತ್ರಾಂಶವನ್ನು ಓಡಿಸಿದಳು. ಅದು ಮೂಲೆ ಮೂಲೆ ತಡಕಾಡಿ ಏನೂ ಇಲ್ಲ ಎಂದಿತು.

"ಅದನ್ನೇ ನಂಬ್ತೀಯಾ? ಹೋಸ್ಟ್ಸ್ ಫೈಲ್ ತೆಗೆದು ನೋಡಿದ್ಯಾ?"

ಮಗಳು ತಿರುಗಿ ನೋಡಿದಳು. ಮಧ್ಯಾಹ್ನದ ಊಟ ಆಗಿದೆಯೋ ಇಲ್ಲವೋ ಎಂದು ಎರಡು ಸಲ ಕೇಳಿದ್ದ ಮನುಷ್ಯ ಇವರೇ.

"ಯಾವ ಪುಟಕ್ಕಾದರೂ ಹೋಗ್ಬೇಕು ಅಂದ್ರೆ ಕಂಪ್ಯೂಟರು ಹೊರಗೆ ದಾರಿ ಕೇಳೋ ಮುಂಚೆ ಮನೇಲಿರೋ ಆ ಫೈಲನ್ನ ಕೇಳತ್ತೆ," ಎಂದರು ಅಪ್ಪ, ಅವಳು ಚಿಕ್ಕವಳಿದ್ದಾಗ ಹೇಳಿಕೊಡುತ್ತಿದ್ದ ಅದೇ ರಾಗದಲ್ಲಿ. "ಮನೆಯವರು ತಪ್ಪು ದಾರಿ ಹೇಳಿದ್ರೆ ಹೊರಗೆ ಯಾರನ್ನೂ ಕೇಳಲ್ಲ, ಹೇಳಿದ ಕಡೆ ಹೋಗಿಬಿಡತ್ತೆ. ಕಳ್ಳರು ಕೈಹಾಕೋದೇ ಅಲ್ಲಿ. ಬ್ಯಾಂಕಿನ ಹೆಸರು ಬರೆದು ಪಕ್ಕದಲ್ಲಿ ತಮ್ಮ ಮನೆ ನಂಬರ್ ಬರೀತಾರೆ."

ಅವಳು ಆ ಫೈಲನ್ನು ತೆರೆದಳು. ಮೊದಲಿಗೆ ಕಂಪ್ಯೂಟರಿನ ಜೊತೆಗೇ ಬಂದ ಸಾಲುಗಳು. ಪ್ರತಿಯೊಂದರ ಮುಂದೂ ಹ್ಯಾಶ್ ಗುರುತು, ಅಂದರೆ ಇದು ಮನುಷ್ಯರು ಓದುವುದಕ್ಕೆ ಮಾತ್ರ, ಯಂತ್ರಕ್ಕೆ ಇದರ ಗೊಡವೆ ಬೇಡ ಎಂದು. ಅದರ ಕೆಳಗೆ ಖಾಲಿ.

"ಖಾಲಿ ಅಂತ ಬಿಡ್ಬೇಡ. ಕೆಳಗೆ ಇಳಿ, ಇಳಿ," ಎಂದರು ಅಪ್ಪ.

ಇಳಿದಳು. ಬಿಳಿ ಹಾಳೆ ಜಾರುತ್ತಾ ಹೋಯಿತು. ತಳದಲ್ಲಿ ಎರಡು ಸಾಲುಗಳಿದ್ದವು. ಒಂದು ದೊಡ್ಡಪ್ಪನ ಪುಟದ ವಿಳಾಸ, ಅದರ ಹಿಂದೆ 127.0.0.1. ಆ ಸಂಖ್ಯೆ ಎಂದರೆ ಈ ಕಂಪ್ಯೂಟರೇ. ಎಲ್ಲಿಗೂ ಹೋಗಬೇಡ, ಮನೆಗೇ ವಾಪಸು ಬಾ ಎಂದು ಅರ್ಥ. ಅದರ ಮೇಲಿನದು ಹ್ಯಾಶ್ ಹಾಕಿದ ಸಾಲು:

# ಇವಳಿಗಾಗಿ. ಯಾರೂ ತೆಗೆಯಕೂಡದು.

ಆ ‘ಕೂಡದು’ ಮಗಳಿಗೆ ಗೊತ್ತಿದ್ದದ್ದೇ. ಕಚೇರಿಯ ಆ ಕೋಣೆಯ ಗೋಡೆ ತುಂಬ ಅಪ್ಪನ ಚೀಟಿಗಳಿರುತ್ತಿದ್ದವು. ನೀರು ತರಕೂಡದು. ಸ್ವಿಚ್ಚು ಮುಟ್ಟಕೂಡದು. ಬಾಗಿಲಿಗೆ ಒರಗಿ ಹರಟೆ ಹೊಡೆಯಕೂಡದು.

ಅಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗಿ ಓದಿದರು. "ಸಿಕ್ಕಿದ ನೋಡು. ಯಾರಿವನು? ಹೆಚ್ಚುಕಮ್ಮಿ ನನ್ನ ಹಾಗೇ ಬರೀತಾನೆ."

"ನೀವೇ ಅಪ್ಪ."

"ನಾನಾ? ಅಣ್ಣನಿಗಾ? ಹುಚ್ಚಾ ನಿನಗೆ?"

ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಇಬ್ಬರ ಹಿಂದೆ ನಿಂತಳು. ಆ ಸಾಲನ್ನು ಓದಿದಳು. ಮತ್ತೆ ಓದಿದಳು. ಆಮೇಲೆ ಮಂಚದ ತುದಿಯಲ್ಲಿ ಮೆಲ್ಲಗೆ ಕುಳಿತಳು.

"ಏನೇ ಇದು? ನಾನ್ಯಾಕೆ ಅಣ್ಣನಿಗೆ ಬಾಗಿಲು ಹಾಕಿದೆ?" ಎಂದು ಅಪ್ಪ ಅವಳನ್ನೇ ಕೇಳಿದರು.

ಅವಳು ಹೇಳಬೇಕಾಯಿತು. "ಅತ್ತೆ ತೀರಿಕೊಂಡ ವಾರದಲ್ಲೇ ಭಾವ ತಮ್ಮ ಪುಟದಲ್ಲಿ ಬರೆದ್ರು. ಕೊನೇ ದಿನಗಳಲ್ಲಿ ನಮ್ಮಮ್ಮನಿಗೆ ಕಿರಿ ಸೊಸೆ ಒಂದು ಗುಟುಕು ನೀರೂ ಕೊಡಲಿಲ್ಲ ಅಂತ. ನೆಂಟರು ಇಷ್ಟರು ಎಲ್ಲಾ ಓದಿದ್ರು."

"ಅಣ್ಣ ಹಾಗೆ ಬರೆದನಾ?" ಅಪ್ಪ ಕನ್ನಡಕ ತೆಗೆದರು. "ಅಮ್ಮನಿಗೆ ನುಂಗೋಕಾಗ್ತಿರಲಿಲ್ಲ. ಹತ್ತಿ ಅದ್ದಿ ಅದ್ದಿ ನೀನು ತುಟಿ ಒದ್ದೆ ಮಾಡ್ತಿದ್ದೆ. ನಾನು ಪಕ್ಕದಲ್ಲೇ ಇದ್ದೆನಲ್ಲೇ. ಅಣ್ಣ ಹಾಗೆ ಬರೆದನಾ?"

ಹಳೆಯ ಗಾಯವಾಗಿದ್ದರೆ ಮೇಲೆ ಚರ್ಮ ಕಟ್ಟಿರುತ್ತಿತ್ತು. ಅಪ್ಪನಿಗೆ ಅದು ಈಗಷ್ಟೇ ತಗುಲಿತು. ಎದ್ದು ಒಳಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು. ಅವರ ಬೆನ್ನು ಅಲುಗುವುದು ಇಲ್ಲಿಂದಲೇ ಕಾಣುತ್ತಿತ್ತು.

"ನಿನಗೆ ಗೊತ್ತಿತ್ತಾ ಅಮ್ಮ, ಇವರು ಹೀಗೆ ಮಾಡಿದ್ದು?"

"ಇಲ್ಲ." ಅಮ್ಮ ಪರದೆಯ ಕಡೆಗೇ ನೋಡುತ್ತಿದ್ದಳು. "ನನ್ನ ಪರವಾಗಿ ಒಂದು ಮಾತು ಆಡಲಿಲ್ಲ ಇವರು. ಊಟ ಮಾಡೋರು, ಹೋಗಿ ಇದರ ಮುಂದೆ ಕೂರೋರು. ಇನ್ನೂ ಅಣ್ಣನದ್ದೇ ಓದ್ತಿದ್ದಾರೆ ಅಂದ್ಕೊಂಡೆ. ಇಷ್ಟು ವರ್ಷ ಒಳಗೊಳಗೇ ಅದನ್ನೇ ಅಂದ್ಕೊಂಡು ಇವರಿಗೆ ಬಡಿಸಿದೆ ಕಣೇ."

"ತೆಗೀಲಾ ಈ ಸಾಲು?"

"ಬೇಡ. ಯಾರೂ ತೆಗೆಯಕೂಡದು ಅಂತ ಬರೆದಿದ್ದಾರಲ್ಲ. ವೈರಸ್ಸು, ರಿಪೇರಿ ಆಗಲ್ಲ ಅಂತ ಹೇಳಿಬಿಡು."

ಅಪ್ಪನಿಗೆ ಸುಳ್ಳು ಹೇಳುವುದು ಈಗ ಬಹಳ ಸುಲಭ. ಸುಲಭ ಎಂಬ ಕಾರಣಕ್ಕೇ ಮಗಳ ನಾಲಿಗೆ ಏಳಲಿಲ್ಲ.

ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ ಸದ್ದು ನಿಂತಿತು. ಒಳಕೋಣೆಯಿಂದ ಅಪ್ಪ ಎದ್ದು ಬಂದರು. ಮಗಳನ್ನು ಕಂಡು ಮುಖ ಅರಳಿತು.

"ಬಂದ್ಯಾ ಪುಟ್ಟಿ? ಯಾವಾಗ ಬಂದೆ? ಇದರೊಳಗೆ ಯಾವನೋ ಸೇರ್ಕೊಂಡಿದ್ದಾನೆ ನೋಡು. ಅಣ್ಣನದು ಒಂದು ಮಾತ್ರ ತೆರೆಯಲ್ಲ." ಆಮೇಲೆ ಕೆನ್ನೆ ಮುಟ್ಟಿಕೊಂಡು ಬೆರಳು ನೋಡಿದರು. "ಕಣ್ಣಲ್ಲಿ ಯಾಕೋ ನೀರು."

ಅಮ್ಮ ಎದ್ದು ಸೆರಗಿನಿಂದ ಅವರ ಮುಖ ಒರೆಸಿದಳು. "ಯಾರೇ ಮುಚ್ಚಿದ್ದು?" ಎಂದು ಅವರು ಮಗುವಿನ ಹಾಗೆ ಕೇಳಿದರು. ಅಮ್ಮ ಒದ್ದೆಯಾದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾಳೆಯೂ ಕೇಳುತ್ತಾರೆ, ನಾಡಿದ್ದೂ ಕೇಳುತ್ತಾರೆ. ಹೇಳಿದ ಪ್ರತಿ ಸಲವೂ ಗೋಡೆಗೆ ಮುಖ ಮಾಡಿ ಹೀಗೇ ಮಲಗುತ್ತಾರೆ, ತಾವು ಅತ್ತದ್ದು ಯಾಕೆಂದು ತಿಳಿಯದೆ ಎದ್ದು ಬರುತ್ತಾರೆ. ಹೇಳದಿದ್ದರೆ ಮುಚ್ಚಿದ ಬಾಗಿಲ ಮುಂದೆ ಕೈಕಟ್ಟಿ ಕೂರುತ್ತಾರೆ.

"ತೆಗಿ," ಎಂದಳು ಮಗಳಿಗೆ.

"ಎರಡೂ ಸಾಲಾ?"

"ಕೆಳಗಿನದು ಮಾತ್ರ. ಮೇಲಿನದು ಇದ್ರೆ ಕಂಪ್ಯೂಟರಿಗೇನಾದ್ರೂ ತೊಂದರೆ ಆಗತ್ತಾ?"

"ಇಲ್ಲಮ್ಮ. ಅದು ಅದನ್ನ ಓದೋದೇ ಇಲ್ಲ."

"ಹಾಗಾದ್ರೆ ಅಲ್ಲೇ ಇರಲಿ. ನಾನು ಓದ್ತೀನಿ."

ಮಗಳು ಕೆಳಗಿನ ಸಾಲನ್ನು ಅಳಿಸಿ ಫೈಲನ್ನು ಉಳಿಸಿದಳು. ಪುಟ ತೆರೆಯಿತು. ಬಿಳಿ ಬಟ್ಟೆಯ ಮೇಲೆ ಬಿಚ್ಚಿಟ್ಟ ಒಂದು ಟೈಂಪೀಸ್, ಅದರ ಕೆಳಗೆ ದೊಡ್ಡಪ್ಪನ ಅಂದಿನ ಬರಹ.

"ಕೆಳಗೆ ಹಳೇದಕ್ಕೆಲ್ಲ ಹೋಗ್ಬೇಡಿ. ಇವತ್ತಿಂದು ಓದಿ, ಸಾಕು," ಎಂದಳು ಅಮ್ಮ.

ಅಪ್ಪ ಬೆರಳಿಟ್ಟುಕೊಂಡು ಗಟ್ಟಿಯಾಗಿ ಓದಿದರು. "ಹಲ್ಲು ಸವೆದ ಚಕ್ರವನ್ನು ಬೈದು ಪ್ರಯೋಜನವಿಲ್ಲ, ಅದು ತನ್ನ ಪಾಲಿನಷ್ಟು ತಿರುಗಿದೆ... ನೋಡಿದ್ಯಾ, ಅಣ್ಣನ ಬಾಯಿ ಇನ್ನೂ ಹಾಗೇ ಇದೆ." ಅವರು ನಕ್ಕರು. "ಒಂದು ಮಾತು ಬರೀರಿ ಅವನಿಗೆ. ಕೀಬೋರ್ಡಿನ ಅಕ್ಷರಗಳು ಈಗ ನನ್ನ ಕೈಗೆ ಸಿಗಲ್ಲ."

ಮಗಳು ಅಮ್ಮನಿಗೆ ಕುರ್ಚಿ ಬಿಟ್ಟುಕೊಟ್ಟಳು. ಅಮ್ಮ ಒಂದೇ ಬೆರಳಿನಿಂದ, ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು.

‘ಭಾವನವರಿಗೆ, ಇವರು ದಿನವೂ ನಿಮ್ಮನ್ನು ಕೇಳುತ್ತಾರೆ. ನೀವು ಬರೆದದ್ದು ಇವರಿಗೆ ನೆನಪಿಲ್ಲ. ನನಗಿದೆ. ನಿಮ್ಮ ಮುಖ ಇವರಿಗೆ ನೆನಪಿರುವಾಗಲೇ ಬನ್ನಿ.’

ಮಗಳು ಅವಳ ಭುಜದ ಮೇಲಿನಿಂದ ಬಗ್ಗಿ ಓದಿದಳು. "ಅಮ್ಮ, ಆ ‘ನನಗಿದೆ’ ಅನ್ನೋದು..."

"ಇರಲಿ. ಸುಳ್ಳು ಬರೆದು ಕರೆಯೋದು ಬೇಡ," ಎಂದು ಅಮ್ಮ ಕುರ್ಚಿಯಿಂದ ಎದ್ದಳು. "ಕಳಿಸು. ಆಮೇಲೆ ಒಳಗೆ ಬಂದು ಆ ಹಾಸಿಗೆ ಎತ್ತೋಕೆ ಒಂದು ಕೈ ಹಿಡಿ, ಬಿಸಿಲಿಗೆ ಹಾಕ್ಬೇಕು. ಬಂದ್ರೆ ಮಲಗೋಕೆ ಬೇಕಲ್ಲ."