ನೀಲಿ ಕೈಗವಸು

ಹೊಂಕವಾರದ ಶಾಲೆಗೆ ಅಂದು ಬೀಗ ಬೀಳುವುದಿತ್ತು. ಓದಲು ಮಕ್ಕಳೇ ಇಲ್ಲದ ಮೇಲೆ ಶಾಲೆ ಯಾವ ಪುರುಷಾರ್ಥಕ್ಕೆ ಎಂದ ಪುರಸಭೆಯವರು, ಹಳೆಯ ವಿದ್ಯಾರ್ಥಿಗಳನ್ನು ಕರೆದು ಕಾಫಿ, ಏಲಕ್ಕಿ ಬನ್ನು ಕೊಟ್ಟು ಕೈತೊಳೆದುಕೊಂಡಿದ್ದರು. ಎಪ್ಪತ್ತು ದಾಟಿದ ಐರಾ ಬನ್ನು ಮುಟ್ಟಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವುದು ಸುಳ್ಳಲ್ಲ. ಅವಳ ಕೋಟಿನ ಜೇಬಿನಲ್ಲಿ ಅರವತ್ತು ವರ್ಷಗಳ ಹಿಂದೆ ಕದ್ದ ಮಾಲಿತ್ತು.

ಹೆಲ್ಮಿ ಟೀಚರ್ ವ್ಯಾಕರಣ ಕಲಿಸುತ್ತಿದ್ದುದೇ ಉಣ್ಣೆಯ ಕೈಗವಸಿನಿಂದ. ವಿಭಕ್ತಿಗೊಂದು ಬಣ್ಣ, ಬಣ್ಣಕ್ಕೊಂದು ಜೋಡಿ, ಎಲ್ಲ ಅವರೇ ಹೆಣೆದದ್ದು. ಐರಾ ನಾಮಪದ: 'ತಲೊ', ಅಂದರೆ ಮನೆ. ಪಕ್ಕದ ಬೆಂಚಿನ ರೇನೊ ಗುಣವಾಚಕ: 'ಇಸೊ', ಅಂದರೆ ದೊಡ್ಡ. ಅವರ ನುಡಿಯಲ್ಲಿ ನಾಮಪದಕ್ಕೆ ಹತ್ತಿದ ವಿಭಕ್ತಿ ಗುಣವಾಚಕಕ್ಕೂ ಹತ್ತಬೇಕು. ಮನೆಯಲ್ಲಿ ಎನ್ನಲು ಅವಳು ನೀಲಿ ಗವಸು ತೊಟ್ಟು 'ತಲೊಸ್ಸ' ಎಂದರೆ, ಅವನು ಅದರ ಜೋಡಿಯನ್ನು ತೊಟ್ಟು 'ಇಸೊಸ್ಸ' ಎನ್ನಬೇಕು. ಅವಳು ಕೆಂಪು ತೊಟ್ಟು 'ತಲೊಸ್ತ', ಮನೆಯಿಂದ ಎಂದು ಹೊರಟರೆ, ಅವನೂ ಕೆಂಪು ತೊಟ್ಟು 'ಇಸೊಸ್ತ' ಎನ್ನುತ್ತ ಹಿಂದೆಯೇ. ಬಾಲಂಗೋಚಿ ಎಂದು ಹುಡುಗರು ಎಷ್ಟು ರೇಗಿಸಿದರೂ ರೇನೊ ಸಿಟ್ಟಾಗುತ್ತಿರಲಿಲ್ಲ. ಅಂಥ ಸುಖದ ದಿನಗಳನ್ನು ಐರಾ ಆಮೇಲೆ ಕಾಣಲಿಲ್ಲ.

ರೇನೊನ ಮನೆಯವರು ಕೆಲಸ ಹುಡುಕಿ ಸ್ವೀಡನ್ನಿಗೆ ಹೊರಡುವ ಹಿಂದಿನ ದಿನ, ಅವನು ಬಿಚ್ಚಿಟ್ಟ ನೀಲಿ ಗವಸನ್ನು ಅವಳು ತನ್ನ ಬೂಟಿನೊಳಗೆ ತುರುಕಿಕೊಂಡಳು. ನೆನಪಿಗೆ ಒಂದಿರಲಿ ಎಂಬ ಆಸೆ, ಅಷ್ಟೇ. ಟೀಚರ್ ಎಣಿಸಿದಾಗ ಒಂದು ಕಮ್ಮಿ. ಕಡೆಗೆ ತೊಟ್ಟವನು ರೇನೊ, ಆದ್ದರಿಂದ ಕಳ್ಳನೂ ಅವನೇ. ಎಲ್ಲರೆದುರು ಬೈಸಿಕೊಂಡ, ಅವನೂ ಬಾಯಿ ಬಿಡಲಿಲ್ಲ, ಐರಾಳೂ ಬಿಡಲಿಲ್ಲ. ಆ ಹೆಸರು ಹೊತ್ತುಕೊಂಡೇ ಹುಡುಗ ಊರು ಬಿಟ್ಟ.

ಅದೇ ರೇನೊ ಈಗ ಕೋಲೂರಿಕೊಂಡು ಶಾಲೆಗೆ ಬಂದಿದ್ದ. ಬೀಗ ಬೀಳುವ ಮೊದಲು ಹೇಳದಿದ್ದರೆ ಇನ್ನು ಹೇಳಿದಂತೆಯೇ. ಐರಾ ಹಳೆಯ ಬೆಂಚಿನಲ್ಲಿ ಅವನ ಪಕ್ಕ ಕುಳಿತು ಗವಸನ್ನು ಮುಂದಿಟ್ಟಳು.

"ಕದ್ದಿದ್ದು ನಾನು ಕಣೋ. ಬೈಸ್ಕೊಂಡಿದ್ದು ನೀನು."

ರೇನೊ ನಿಧಾನವಾಗಿ ಕಾಫಿ ಮುಗಿಸಿದ.

"ಗೊತ್ತಿತ್ತು. ಬೂಟೊಳಗೆ ತುರುಕ್ತಿದ್ದಾಗ ನೋಡ್ದೆ."

ಮತ್ತೆ ಯಾಕೆ ಹೇಳಲಿಲ್ಲ ಎಂದು ಐರಾ ಕೇಳಿದಳು.

"ಹೇಳಿದ್ರೆ ನೀನು ವಾಪಸ್ ಕೊಡಬೇಕಾಗ್ತಿತ್ತಲ್ಲೇ. ನಿನ್ ಹತ್ರಾನೇ ಇರ್ಲಿ ಅಂತ ಸುಮ್ನಿದ್ದೆ."

ಅವನು ಗವಸಿನೊಳಗೆ ಕೈ ತೂರಿಸಿ ನೋಡಿದ. ಮೂರು ಬೆರಳಿಗಿಂತ ಹೆಚ್ಚು ಹಿಡಿಸಲಿಲ್ಲ. ಮಡಿಸಿ ಅವಳ ಜೇಬಿಗೇ ಹಾಕಿದ. ಬೀಗ ಹಿಡಿದವನು ಬಾಗಿಲಲ್ಲಿ ನಿಂತು ಕೆಮ್ಮಿದ. ಐರಾ ಕಣ್ಣೊರೆಸಿಕೊಂಡು ಎದ್ದು ಹೊರಟಳು. ರೇನೊ ಕೋಲು ಹುಡುಕಿಕೊಂಡು ಅವಳ ಹಿಂದೆಯೇ ಹೊರಟ.