ಮಾನ್ವಿಯ ಬಾಗಿಲು, ದೇವದುರ್ಗದ ಬಾಗಿಲು

ಮಸರಕಲ್ಲಿನಿಂದ ರಾಯಚೂರು ಎಷ್ಟು ದೂರ ಎಂದು ನಮ್ಮಪ್ಪನನ್ನು ಕೇಳಿ ನೋಡಿ. "ಬಸ್ ಹತ್ತಿದ್ರ ಒಂದೂವರಿ ತಾಸು" ಎನ್ನುತ್ತಾನೆ. ನಮ್ಮ ಕುರಿಹಟ್ಟಿಯಿಂದ ಬಸ್ ನಿಲ್ಲುವ ಜಾಗದವರೆಗೆ ಹೊಲದ ಬದುವಿನ ಮೇಲೆ ನಡೆಯುವ ಮುಕ್ಕಾಲು ತಾಸು ಅವನ ಲೆಕ್ಕದಲ್ಲಿಲ್ಲ. ಊರಲ್ಲಿ ಯಾರ ಲೆಕ್ಕದಲ್ಲೂ ಇಲ್ಲ. ಇದೇ ಮಾತಿಗೆ ನಾನು ಹತ್ತು ಸಲ ಜಗಳ ತೆಗೆದಿದ್ದೇನೆ. ಇಂಟರ್ನೆಟ್ಟಿಗೆ ದಾರಿ ತೋರಿಸುವ ರೂಟರುಗಳೂ ಹೀಗೇ ಲೆಕ್ಕ ಹಾಕುತ್ತವೆಂದು ತಿಳಿದ ಮೇಲೆ ಬೈಯಲು ಇನ್ನೂ ನಾಲ್ಕು ಜನ ಸಿಕ್ಕಂತಾಯಿತು.

ನಾನು ಸುನಂದಾ. ರಾಯಚೂರಿನ ಸಣ್ಣದೊಂದು ಇಂಟರ್ನೆಟ್ ಕಂಪನಿಯಲ್ಲಿ ರೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಜಾಲದಿಂದ ಹೊರಗೆ ಹೋಗಲು ಎರಡು ಬಾಗಿಲು: ಕೃಷ್ಣೆಯ ಕಡೆ ದೇವದುರ್ಗ, ತುಂಗಭದ್ರೆಯ ಕಡೆ ಮಾನ್ವಿ. ಎರಡೂ ಬಾಗಿಲಿನ ರೂಟರುಗಳು "ಹೊರಗಿನ ದಾರಿ ನನ್ನ ಹತ್ತಿರ ಇದೆ" ಎಂದು ಒಳಗಿನವರಿಗೆಲ್ಲ ಸಾರುತ್ತವೆ, ಜೊತೆಗೊಂದು ಅಂಕಿ ಹೇಳುತ್ತವೆ. ಅಂಕಿ ಕಡಿಮೆಯಿದ್ದ ಕಡೆಗೆ ಎಲ್ಲರೂ ಹೊರಡುತ್ತಾರೆ.

ಆ ಭಾನುವಾರ ಮಧ್ಯಾಹ್ನ ನಾನೊಬ್ಬಳೇ ಡ್ಯೂಟಿಯಲ್ಲಿದ್ದೆ. ಬಿಸಿಲಿಗೆ ರಸ್ತೆ ಬೆಳ್ಳಗೆ ಕರಗಿದಂತಿತ್ತು. ಫ್ಯಾನಿನ ಕೆಳಗೆ ಕಣ್ಣು ಅರ್ಧ ಮುಚ್ಚಿಕೊಂಡರೆ ನನಗೆ ಎಷ್ಟೋ ಸಲ ನಮ್ಮ ಜಾಲದೊಳಗಿನ ಮಂದಿಯ ಮಾತುಗಳು ನಡೆದು ಹೋಗುವುದು ಕಾಣುತ್ತದೆ. ಜೋಳದ ಹೊಲಗಳ ಮಗ್ಗುಲಲ್ಲಿ, ಕಾಲುವೆಯ ಏರಿಯ ಮೇಲೆ, ಸದ್ದಿಲ್ಲದೆ. ಕಲ್ಮಲದಲ್ಲಿ ದಾರಿ ಒಡೆಯುವ ಕಡೆ ಒಂದು ಗಳಿಗೆ ನಿಂತು ಎತ್ತ ಹೋಗಲಿ ಎಂದು ನೋಡುತ್ತವೆ.

ಅಂದು ನಡೆಯಬೇಕಿದ್ದದ್ದು ನನ್ನ ತಂಗಿ ರಾಧಾಳ ಮಾತು. ಅವಳಿಗೆ ಇಪ್ಪತ್ಮೂರು. ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಕೈಯಲ್ಲೇ ಮಾತಾಡುತ್ತಾಳೆ. ಮಾನ್ವಿಯ ನಿಂಗರಾಜನೂ ಹಾಗೆಯೇ. ಹೋದ ವಾರ ಹೆಣ್ಣು ನೋಡಲು ಇಪ್ಪತ್ತು ಮಂದಿ ಬಂದು, ಉಪ್ಪಿಟ್ಟು ತಿಂದು, ಅವರಿಬ್ಬರನ್ನು ಬಿಟ್ಟು ಉಳಿದವರೆಲ್ಲ ಮಾತಾಡಿ ಹೋದರು. ರಾಧಾ ಹಟ ಹಿಡಿದಳು: ಹುಡುಗನ ಹತ್ತಿರ ಒಂದು ಮಾತು ಕೇಳಬೇಕು, ಆಮೇಲೆಯೇ ಹೂಂ ಅಥವಾ ಉಹೂಂ. "ಆತು, ಫೋನಿನ್ಯಾಗ ಕೇಳ್ಲಿ. ನಾಳೆ ಅಮಾಸಿ, ಇವತ್ತೇ ಮುಗೀಬೇಕು" ಎಂದು ಆ ಭಾನುವಾರ ಬೆಳಿಗ್ಗೆ ಹೇಳಿ ಕಳಿಸಿದರು ಹುಡುಗನ ತಾಯಿ ಬೂದೆಮ್ಮ. ಕೈಮಾತು ತಿಳಿಯದ ಹಿರಿಯರಿಗೆ ಅರ್ಥ ಹೇಳಲು ನಾನೂ ಆಫೀಸಿನಿಂದಲೇ ಆ ವಿಡಿಯೋ ಕಾಲ್‌ನಲ್ಲಿ ಕೂತಿದ್ದೆ.

ರಾಧಾ ಕೇಳಿದಳು: "ರಾತ್ರಿ ಕರೆಂಟ್ ಹೋದರೆ ನಾವಿಬ್ಬರೂ ಹೇಗೆ ಮಾತಾಡುವುದು?"

ಇಪ್ಪತ್ಮೂರು ವರ್ಷ ಜೊತೆಗಿದ್ದೂ ನನಗಿದು ಹೊಳೆದಿರಲಿಲ್ಲ. ನಿಂಗರಾಜ ಕೈ ಎತ್ತಿದ. ಅಷ್ಟರಲ್ಲಿ ಚಿತ್ರ ನಿಂತುಬಿಟ್ಟಿತು. ಬೆರಳುಗಳು ಚೌಕ ಚೌಕವಾಗಿ ಒಡೆದು ಗಾಳಿಯಲ್ಲಿ ಉಳಿದವು. ದನಿ ಮಾತ್ರ ತುಂಡುತುಂಡಾಗಿ ಬರುತ್ತಿತ್ತು. ಏನು ಪ್ರಶ್ನೆ ಎಂದು ಬೂದೆಮ್ಮ ಕೇಳಿದರು, ಹೇಳಿದೆ.

"ಅಯ್ಯ, ಅದಕ್ಯಾಕ ಚಿಂತಿ! ನಮ್ಮನ್ಯಾಗ ಇನ್ವರ್ಟರ್ ಅದ ಅಂತ ಹೇಳ್ರಿ."

ನಾನು ದಡ್ಡಿ, ಅದನ್ನೇ ಸನ್ನೆ ಮಾಡಿ ಹೇಳಿದೆ. ರಾಧಾಳ ಮುಖ ಬಾಡಿತು. "ನಾನು ಅವರನ್ನು ಕೇಳಲಿಲ್ಲ" ಎಂದವು ಅವಳ ಕೈಗಳು. ಫೋನ್ ಹಿಡಿದಿದ್ದ ಅಪ್ಪ ಹನುಮಂತ್ರಾಯ, "ಇನ್ನೇನವಾ ಸುನಂದಾ, ಹೂಂ ಅಂದುಬಿಡ್ಲೇನು?" ಎಂದ.

"ತಡಿ ಯಪ್ಪಾ! ಅಕೀ ಬಾಯಿ ನೀ ಆಗಬ್ಯಾಡ" ಎಂದು ಗದರಿ ಕಂಪ್ಯೂಟರಿನಲ್ಲಿ ರೂಟರುಗಳ ಸೆಟ್ಟಿಂಗ್ ತೆರೆದೆ. ನೋಡಿದರೆ ಮಾನ್ವಿಯ ಅಂಕಿ ಹತ್ತು, ದೇವದುರ್ಗದ್ದು ಇಪ್ಪತ್ತು. ಹಿಂದೆ ದೇವದುರ್ಗದ ಲೈನ್ ಕೆಟ್ಟಾಗ ಯಾರೋ ಮಾನ್ವಿಯ ಅಂಕಿ ಇಳಿಸಿದ್ದನ್ನು ಮತ್ತೆ ಏರಿಸಿರಲಿಲ್ಲ. ದೂರ ಎಣಿಸುವ ಬಗೆ ಎರಡಿವೆ; ಈ ಎರಡೂ ಬಾಗಿಲು ಟೈಪ್ ಎರಡು. ಅಂದರೆ ನಮ್ಮಪ್ಪನ ಲೆಕ್ಕ: ಬಾಗಿಲಿನ ಆಚೆಯ ದೂರವಷ್ಟೇ, ಬಾಗಿಲವರೆಗಿನದು ಸೇರುವುದಿಲ್ಲ. ಹಾಗಾಗಿ ಮಸರಕಲ್ಲಿನ ಮಾತು ಪಕ್ಕದ ದೇವದುರ್ಗವನ್ನು ಬಿಟ್ಟು, ಕ್ರಿಕೆಟ್ ನೋಡುವವರಿಂದ ತುಂಬಿದ್ದ ಲೈನಿನಲ್ಲಿ ನುಸುಳಿಕೊಂಡು, ಕಲ್ಮಲ ಹಾದು ಮಾನ್ವಿಗೆ ಹೋಗುತ್ತಿತ್ತು.

ಟೈಪ್ ಒಂದು ಹಾಗಲ್ಲ, ಮನೆಯ ಹೊಸ್ತಿಲಿನಿಂದಲೇ ಎಣಿಸುತ್ತದೆ. ಸಿಟ್ಟಿನಲ್ಲಿ ದೇವದುರ್ಗದ ಬಾಗಿಲನ್ನು ಟೈಪ್ ಒಂದು ಮಾಡಿದೆ. ಅದೊಂದನ್ನೇ ಮಾಡಿದೆ.

ಕಾಲ್ ಸುಧಾರಿಸಲಿಲ್ಲ. ನಿಂಗರಾಜನ ಮುಖವೂ ಮಾಯವಾಗಿ ಬೂದು ಬಣ್ಣವಷ್ಟೇ ಉಳಿಯಿತು. ನಮ್ಮ ಕಂಪನಿಯ ಮಾನ್ವಿ ಆಫೀಸಿನಿಂದ ಜಿಲಾನಿ ಪಾಷಾ ಫೋನ್ ಮಾಡಿದ.

"ಅಕ್ಕಾ, ಏನ್ ಮಾಡೀರಿ? ಮಾನ್ವಿ ಮಂದಿ ಎಲ್ಲಾ ಮನಿ ಮುಂದಿನ ಬಾಗಿಲು ಬಿಟ್ಟು ದೇವದುರ್ಗಕ್ಕ ಹೊಂಟಾರ!"

"ಅವರಿಗೆ ಮಾನ್ವಿನೇ ಹತ್ರ ಅಲ್ಲೇನೋ?"

"ಹತ್ರ ಇದ್ರ ಏನಾತ್ರೀ? ಟೈಪ್ ಒಂದು ಕಣ್ಣಿಗೆ ಬಿದ್ದ ಮ್ಯಾಲ ಟೈಪ್ ಎರಡರ ಅಂಕಿ ಯಾರೂ ಕೇಳಂಗಿಲ್ಲ. ಎರಡೂ ಬಾಗಿಲಿಗೂ ಒಂದೇ ಲೆಕ್ಕ ಇಡ್ರಿ."

ಗೊತ್ತಿದ್ದ ಪಾಠವೇ. ಎಲ್ಲರ ಮಾತನ್ನೂ ಒಂದೇ ಸಣ್ಣ ಬಾಗಿಲಿಗೆ ನೂಕಿ, ನನ್ನ ತಂಗಿಯ ಮಾತನ್ನು ನಾನೇ ತುಳಿಸಿದ್ದೆ. ಮಾನ್ವಿಯನ್ನೂ ಟೈಪ್ ಒಂದು ಮಾಡಿದೆ, ಎರಡಕ್ಕೂ ಇಪ್ಪತ್ತನ್ನೇ ಇಟ್ಟೆ. ಕಣ್ಣು ಮುಚ್ಚಿದೆ. ಗುಂಪಾಗಿ ನಿಂತಿದ್ದ ಮಾತುಗಳೆಲ್ಲ ಒಂದೊಂದಾಗಿ ತಿರುಗಿ, ತಮ್ಮ ತಮ್ಮ ಹತ್ತಿರದ ಬಾಗಿಲ ಕಡೆ ಅವಸರವಿಲ್ಲದೆ ನಡೆದು ಹೋದವು. ನಿದ್ದೆಯೋ ಎಚ್ಚರವೋ, ಹೇಳಲಾರೆ.

ಕಣ್ಣು ಬಿಟ್ಟಾಗ ಪರದೆ ತಿಳಿಯಾಗಿತ್ತು. ನಿಂಗರಾಜ ಅಲ್ಲೇ ಕೂತಿದ್ದ, ಅಂಗಿಯ ಗುಂಡಿಯೂ ಕಾಣುವಷ್ಟು ನಿಚ್ಚಳವಾಗಿ. "ಪ್ರಶ್ನೆ ಇನ್ನೊಮ್ಮೆ" ಎಂದ ಕೈಯಲ್ಲಿ. ರಾಧಾ ಕೇಳಿದಳು. ಅವನು ಯೋಚಿಸಿದ, ಕಣ್ಣು ಮುಚ್ಚಿಕೊಂಡ. ಎಡ ಅಂಗೈ ಚಾಚಿ ಅದರ ಮೇಲೆ ಬಲಗೈ ಬೆರಳಿನಿಂದ ಮೆಲ್ಲಗೆ ಒಂದು ಅಕ್ಷರ ಬರೆದ. ಮತ್ತೊಂದು ಬರೆದ. ಆಮೇಲೆ ಕಣ್ಣು ತೆರೆದು ಆ ಅಂಗೈಯನ್ನು ರಾಧಾಳ ಕಡೆ ಚಾಚಿದ: ಈಗ ನೀನು.

"ಏನಂದಾನವಾ?" ಅಪ್ಪ. "ಏನ್ ಹೇಳ್ದ ನನ್ನ ಮಗ?" ಬೂದೆಮ್ಮ. ನಾನು ಬಾಯಿ ತೆರೆಯುವಷ್ಟರಲ್ಲಿ ರಾಧಾ ನನ್ನತ್ತ ನೋಡಿ ಕೈ ಬೀಸಿದಳು: "ಅಕ್ಕಾ, ನೀನಿನ್ನು ಹೋಗು."

ತುಸು ಬೇಸರವಾಯಿತು. ಸಂತೋಷವೂ ಆಯಿತು, ಸುಳ್ಳು ಯಾಕೆ ಹೇಳಲಿ. ಕಾಲ್ ಬಿಟ್ಟು ಹೊರಬಂದೆ.

ಅರ್ಧ ತಾಸಿನ ಮೇಲೆ ಅಪ್ಪ ಬೇರೆ ಫೋನಿನಿಂದ ಮಾತಾಡಿದ. "ಇಬ್ಬರೂ ಇನ್ನಾ ಕೈ ಆಡಸಾಕತ್ತಾರವಾ. ನಗಾಕತ್ತಾರ. ಹೂಂ ಅಂದಾಳೋ ಇಲ್ಲೋ?"

"ನನಗೇನು ಗೊತ್ತು ಯಪ್ಪಾ. ಅಕೀನ್ನೇ ಕೇಳು."

ಅಪ್ಪ ಎದ್ದು ಅಂಗಳಕ್ಕೆ ಬಂದ ಸದ್ದು ಕೇಳಿಸಿತು. ಆಮೇಲೆ ದನಿ ತಗ್ಗಿಸಿ ಕೇಳಿದ: "ಅಕೀಗೆ ಹೆಂಗ ಕೇಳೂದವಾ? ನನಗೂ ಒಂದೀಟು ಕೈಮಾತು ಕಲಿಸು."